ದೊಡ್ಡ ದವಾಖಾನಿಗೆ ಒಯ್ಯಿರಿ

ಹನ್ನೆರಡು ಪಲಂಗದ ನರ್ಸಿಂಗ್ ಹೋಮು.
ಕೆಳಗ ಔಷಧದ ಅಂಗಡಿ, ಮ್ಯಾಲ ಡಾಕ್ಟರ ಮನಿ,
ನಡುವ ನಾನು, ಒಂಬತ್ತು ವರ್ಷ.
ಸಲೈನ್ ಹಚ್ಚಾಕಿ ನಾನೇ, ಬಿಲ್ ಬರೆಯಾಕಿ ನಾನೇ,
ಕರೆಂಟ್ ಹೋದರ ಜನರೇಟರಿನ ಹಗ್ಗ ಜಗ್ಗಾಕಿ ನಾನೇ,
ಡಾಕ್ಟರ ತಾಯಿಯ ಕಾಲುಗುರು ತೆಗೆಯಾಕಿನೂ.
ಎರಡನೇ ಪಲಂಗದ ಒಂದು ಕಾಲು ಗಿಡ್ಡ,
ಅದರ ಕೆಳಗ ಇಟ್ಟ ಬೀದರಿನ ಕೆಂಪು ಕಲ್ಲಿನ ಚೂರು
ನಾನೇ ಕೋಟೆ ಹತ್ರದಿಂದ ಆರಿಸಿ ತಂದದ್ದು.

ನನ್ನ ಒರಿಜಿನಲ್ ಸರ್ಟಿಫಿಕೇಟು
ಅವರ ಅಲಮಾರಿಯೊಳಗ, ಬಾಯಿಯವರ ರೇಷ್ಮಿ ಸೀರಿ ಕೆಳಗ.
"ಇರಲಿ ಸುವಾರ್ತಾ, ಇಲ್ಲೇ ಜೋಪಾನ ಇರ್ತಾವ"
ಅಂದಿದ್ದರು ಮೊದಲ ದಿನ.
ಸರಕಾರಿ ಆರ್ಡರ್ ಕೈಗೆ ಬಂದ ಮ್ಯಾಲ
ಅವನ್ನ ವಾಪಸ್ ಕೇಳಲಿಕ್ಕೆ ಹನ್ನೊಂದು ದಿನ ಹಿಡೀತು ನನಗ.
ಡಾಕ್ಟರು ಏನೂ ಅನ್ನಲಿಲ್ಲ,
ಕಿವಿಯಿಂದ ಸ್ಟೆತಾಸ್ಕೋಪ್ ತೆಗೀಲೇ ಇಲ್ಲ.
ಬಾಯಿಯವರು ತಂದುಕೊಟ್ಟರು,
ಡಾಂಬರ ಗುಳಿಗಿ ವಾಸನಿಯ ಪ್ಲಾಸ್ಟಿಕ್ ಚೀಲ,
ಮ್ಯಾಲ ಒಂದು ಕುಪ್ಪಸದ ಕಣ.
ಕುಂಕುಮ ಅದ್ದಿದ ಬೆರಳು
ನಾವು ಯೇಸುವಿನವರು ಅಂತ ನೆನಪಾಗಿ
ಗಾಳಿಯೊಳಗ ಒಂದು ಗಳಿಗಿ ನಿಂತು
ಸೆರಗಿಗೆ ಒರಸಿಕೊಂಡು, ನನ್ನ ಗಲ್ಲ ಮುಟ್ಟಿತು.
ಆ ತಿಂಗಳ ಪಗಾರದಾಗ ಎಂಟು ದಿನದ ರೊಕ್ಕ ಕಡಿಮಿ ಇತ್ತು.
ಅದೂ ಖರೆ.

ಅಲ್ಲಿ ನಾನು ಭಾಳ ಸಲ ಹೇಳಿದ ಮಾತು ಒಂದೇ:
"ನಮ್ಮ ಕೈ ಮೀರ್ಯದ, ದೊಡ್ಡ ದವಾಖಾನಿಗೆ ಒಯ್ಯಿರಿ."
ಆಟೋದ ಹಿಂದಿನ ಕೆಂಪು ದೀಪ
ಚೌಬಾರಾ ದಾಟಿ ಮರೆಯಾಗೋ ತನಕ ನಿಂತು
ಶಟರ್ ಇಳಿಸ್ತಿದ್ದೆ.
ಮುಂದ ಏನಾಯ್ತು ಅಂತ ಯಾರೂ ಬಂದು ಹೇಳ್ತಿರಲಿಲ್ಲ.
ನಾನೂ ಕೇಳ್ತಿರಲಿಲ್ಲ,
ಚಾದರ ಬದಲಿ ಮಾಡ್ತಿದ್ದೆ.

ಇಲ್ಲಿ ನಲವತ್ತು ಪಲಂಗ, ನೆಲದ ಮ್ಯಾಲ ಇನ್ನೂ ಏಳೆಂಟು.
ರಾತ್ರಿ ಪಾಳಿಗೆ ಇಬ್ಬರು.
"ಹೆಸರು ಕೇಳ್ಕೊಂತ ಕುಂತರ ಬೆಳಗಾಗ್ತದ, ನಂಬರ್ ನೋಡು"
ಅಂತಾರ ಸರೋಜನಿ ಸಿಸ್ಟರ್.
ಹತ್ತಿ ಎಲ್ಲಿ, ಕೀಲಿ ಯಾರ ಹತ್ರ, ಯಾವ ರಿಜಿಸ್ಟರಿಗೆ ಯಾವ ಬಣ್ಣದ ಶಾಯಿ,
ಒಂಬತ್ತು ವರ್ಷದಾಕಿ ಮತ್ತ ಹೊಸಾಕಿ ಆದೆ.
ಮಾನಿಟರ್ ಒದರಿದರ ಎದಿ ಧಸಕ್ ಅಂತದ.
ಅಲ್ಲಿ ಮಾನಿಟರ್ ಅಂದ್ರ
ಅವರ ಮಣಿಕಟ್ಟಿನ ಮ್ಯಾಲ ನನ್ನ ಎರಡು ಬೆರಳು.
ಗಾಬರಿ ಆದಾಗ ಈಗಲೂ ಕತ್ತು ಮ್ಯಾಲ ತಿರುಗ್ತದ,
ಮೆಟ್ಟಿಲು ಹತ್ತಿ ಕರೀಲಿಕ್ಕೆ.
ಇಲ್ಲಿ ಮೆಟ್ಟಿಲು ಹತ್ತಿದರ ಇನ್ನೊಂದು ವಾರ್ಡು,
ಇನ್ನೂ ನಲವತ್ತು.

ನಿನ್ನಿ ರಾತ್ರಿ ಎರಡೂವರಿ.
ಗಾಲಿ ಕಿರಗುಡುವ ಸ್ಟ್ರೆಚರು, ಉಸಿರಿಗೆ ತಡಕಾಡುವ ಮುದುಕಿ,
"ಸಿಸ್ಟರ್, ಜರಾ ದೇಖೋ" ಅಂತ ಬರಿಗಾಲಿನ ಮಗ.
ಅವನ ಕೈಯೊಳಗ ಎತ್ತಿ ಹಿಡಿದ ಸಲೈನ್ ಬಾಟ್ಲಿ,
ಬಾಟ್ಲಿಗೆ ಉದ್ದಕ್ಕ ಅಂಟಿಸಿದ ಬಿಳೇ ಪಟ್ಟಿ,
ಪಟ್ಟಿ ಮ್ಯಾಲ ತಾಸಿಗೊಂದು ಗೆರಿ, ಗೆರಿ ಪಕ್ಕ ಹೊತ್ತು.
ಹಂಗ ಗೆರಿ ಹೊಡೀಲಿಕ್ಕೆ ಭಾಗ್ಯವಂತಿಗೆ ಕಲಿಸಿದಾಕಿ ನಾನು.
ಚೀಟಿಯೊಳಗ ಆಕಿಯ ಡೊಂಕು ಅಕ್ಷರ:
ಕೈ ಮೀರ್ಯದ.

ನೀರು ಎರಡನೇ ಗೆರಿ ದಾಟಿತ್ತು.
ನಾನು ಮೂರನೇದಕ್ಕ ಹೊತ್ತು ಬರೆದೆ.
ಆಮ್ಯಾಲ ಬಗ್ಗಿ, ಮಾಸ್ಕಿನ ಪಕ್ಕ ಬಾಯಿಟ್ಟು,
"ಹೆಸರೇನವ್ವಾ?"
ಸರೋಜನಿ ಸಿಸ್ಟರ್ ನೋಡಿದರು. ನೋಡಲಿ.

ಬೆಳಗ ಆರಕ್ಕ, ಅಲ್ಲಿ ಶಟರ್ ಎತ್ತೋ ಹೊತ್ತಿಗೆ
ಫೋನ್ ಹಚ್ಚಿದೆ.
"ಭಾಗು, ರಾತ್ರಿ ನೀ ಕಳಿಸಿದೆಲ್ಲ, ಹಲೀಮಾಬಿ…"
ಆಕಡಿ ಸದ್ದಿಲ್ಲ.
ಆಕಿಯ ಹಿಂದ ಎಲ್ಲೋ
ಜನರೇಟರ್ ಕೆಮ್ಮಿ ಕೆಮ್ಮಿ ಹತ್ತಿಕೊಂತು.

"ಅದಾಳ" ಅಂದೆ.